ಹಕ್ಕಿಯ ಹೆಸರು, ಭಾಷೆಯ ಋಣ

ಶಬ್ದಗಳ ಚರಿತ್ರೆಯನ್ನು ಶೋಧಿಸುವವರಿಗೆ ಎರವಲು ಮಾತಿನ ಪ್ರಶ್ನೆಯಷ್ಟು ರುಚಿಕರವಾದುದು ಇನ್ನೊಂದಿಲ್ಲ. ಅಷ್ಟು ಬೇಗ ಮನಸ್ಸನ್ನು ಕಾವೇರಿಸುವುದೂ ಇನ್ನೊಂದಿಲ್ಲ. ನಮ್ಮ ನುಡಿಯಲ್ಲಿ ನಮ್ಮದೆಷ್ಟು, ಪರರದೆಷ್ಟು ಎಂಬ ಲೆಕ್ಕಕ್ಕೆ ಕುಳಿತವರು ಸಾಮಾನ್ಯವಾಗಿ ಕಚೇರಿಯ ಮಾತು, ಕಂದಾಯದ ಮಾತು, ಉಡುಗೆ ತೊಡುಗೆಯ ಮಾತು ಇವುಗಳನ್ನೇ ಎತ್ತಿಕೊಳ್ಳುತ್ತಾರೆ. ಹಕ್ಕಿಗಳ ಹೆಸರಿನತ್ತ ಕಣ್ಣು ಹಾಯಿಸಿದವರು ವಿರಳ. ಹಕ್ಕಿ ಯಾರ ಅಪ್ಪಣೆಯನ್ನೂ ಕೇಳದೆ ಗಡಿ ದಾಟುತ್ತದೆ. ಅದರ ಹೆಸರು ಮಾತ್ರ ಮನುಷ್ಯನ ನಾಲಿಗೆಯ ಮೇಲೆ ಕುಳಿತೇ ಗಡಿ ದಾಟಬೇಕು. ಆದುದರಿಂದ ಒಂದು ಭಾಷೆಯ ಹಕ್ಕಿಹೆಸರುಗಳನ್ನು ಪರೀಕ್ಷಿಸಿದರೆ, ಆ ಜನ ಯಾರೊಡನೆ ಬೇಟೆಯಾಡಿದರು, ಯಾರೊಡನೆ ಉಂಡರು, ಯಾರ ಕಾವ್ಯವನ್ನು ಕೇಳಿದರು ಎಂಬುದು ತಿಳಿದುಬರುತ್ತದೆ.

ಈ ವಿಚಾರಕ್ಕೆ ಒಂದು ದೂರದ ನಿದರ್ಶನ ಉಂಟು. ಕ್ಯಾಸ್ಪಿಯನ್ ಸಮುದ್ರದ ವಾಯವ್ಯಕ್ಕೆ, ವೋಲ್ಗಾ ನದಿಯ ಕೆಳಭಾಗದ ಹುಲ್ಲುಗಾವಲಿನಲ್ಲಿ ಕಲ್ಮಿಕರೆಂಬ ಜನ ಇದ್ದಾರೆ. ಇವರ ನುಡಿ ಮಂಗೋಲಿಯನ್ ಬಳಗದ್ದು. 17ನೆಯ ಶತಮಾನದ ಆರಂಭದಲ್ಲಿ ಇವರ ಪೂರ್ವಜರು ಮಧ್ಯ ಏಷ್ಯದಿಂದ ದನಕುರಿಗಳನ್ನು ಹೊಡೆದುಕೊಂಡು ಪಶ್ಚಿಮಕ್ಕೆ ಬಂದು ಅಲ್ಲಿ ನೆಲಸಿದರು. ಸುತ್ತಲೂ ಇದ್ದವರು ನೊಗಾಯ್, ತಾತಾರ, ಕಝಾಕ್ ಮೊದಲಾದ ತುರ್ಕಿ ನುಡಿಯ ಜನ. ಕುದುರೆ ಸಾಕುವವರೂ ಗಿಡುಗ ಸಾಕುವವರೂ ನೆರೆಹೊರೆಯಲ್ಲಿದ್ದ ಮೇಲೆ ಮಾತು ಕೊಟ್ಟು ಕೊಳ್ಳದೆ ಇದ್ದಾರೆಯೇ? ಆದುದರಿಂದ ಕಲ್ಮಿಕ್ ಭಾಷೆಯ ಹಕ್ಕಿಹೆಸರುಗಳಲ್ಲಿ ತುರ್ಕಿಯದೆಷ್ಟು ಎಂಬುದು ಭಾಷಾಶಾಸ್ತ್ರಜ್ಞರಿಗೆ ಒಂದು ವಿಚಾರಣೆಯ ವಿಷಯವಾಗಿದೆ. ಕಲ್ಮಿಕರು ಹೊನ್ನಹದ್ದನ್ನು 'ಬ್ಯುರ್ಗ್ದ್' ಎನ್ನುತ್ತಾರೆ. ಕಝಾಕರು 'ಬ್ಯುರ್ಕಿತ್' ಎನ್ನುತ್ತಾರೆ. ಎರಡೂ ಒಂದೇ ಮಾತೆಂಬುದರಲ್ಲಿ ಸಂದೇಹವಿಲ್ಲ. ಯಾರು ಕೊಟ್ಟವರು, ಯಾರು ಕೊಂಡವರು ಎಂಬುದರಲ್ಲಿ ಮಾತ್ರ ಚರ್ಚೆ.

ಕಲ್ಮಿಕರ ಹುಲ್ಲುಗಾವಲಿನ ಮಾತು ಘಟಪ್ರಭೆಯ ದಂಡೆಯವರಿಗೆ ಏತಕ್ಕೆ ಎಂದು ವಾಚಕರು ಕೇಳಬಹುದು. ಕೇಳತಕ್ಕದ್ದೇ. ಅದಕ್ಕೆ ಉತ್ತರ ನಮ್ಮ ಮೇಲವಂಕಿಯಿಂದ ಬಹಳ ದೂರವಿಲ್ಲ. ಗೋಕಾಕ ಹುಕ್ಕೇರಿ ತಾಲ್ಲೂಕುಗಳ ಸೀಮೆಯಲ್ಲಿ, ಧೂಪದಾಳದ ಒಡ್ಡಿನ ಹಿನ್ನೀರನ್ನೂ ಅದರ ನಡುಗಡ್ಡೆಗಳನ್ನೂ ಒಳಗೊಂಡು, 1974ರಲ್ಲಿ ಘಟಪ್ರಭಾ ಪಕ್ಷಿಧಾಮ ಘೋಷಿತವಾಯಿತು. ಅದರ ವಿಸ್ತಾರ ಸುಮಾರು 29.78 ಚದರ ಕಿಲೋಮೀಟರು. ಚಳಿಗಾಲದಲ್ಲಿ ಅಲ್ಲಿಗೆ ಬರುವ ಅತಿಥಿಗಳಲ್ಲಿ ಬೂದುಬಣ್ಣದ ಮೈ, ಕಪ್ಪು ಕೊರಳು, ಕಣ್ಣಿನ ಹಿಂದೆ ಬಿಳಿಯ ಕುಚ್ಚು ಇರುವ ಒಂದು ಎತ್ತರದ ಹಕ್ಕಿ ಹೆಸರಾಗಿದೆ. ಅದು ಮರಿ ಮಾಡುವುದು ಕಪ್ಪುಸಮುದ್ರದ ಉತ್ತರದಿಂದ ಹಿಡಿದು ಕಲ್ಮಿಕರ ನಾಡು, ಕಝಾಕಸ್ತಾನ, ಮಂಗೋಲಿಯಾಗಳವರೆಗೆ ಹಾಸಿರುವ ಹುಲ್ಲುಗಾವಲಿನಲ್ಲಿ. ಕಲ್ಮಿಕರ ನಾಡಿನವು ಚಳಿಗಾಲಕ್ಕೆ ಆಫ್ರಿಕದತ್ತ ಹೋಗುತ್ತವೆ. ಕಝಾಕರ ಮತ್ತು ಮಂಗೋಲರ ನಾಡಿನವು ಭಾರತದತ್ತ ಬರುತ್ತವೆ. ಅಂದರೆ ತುರ್ಕಿ ಹೆಸರನ್ನೋ ಮಂಗೋಲಿಯನ್ ಹೆಸರನ್ನೋ ಹೊತ್ತು ಹುಟ್ಟಿದ ಹಕ್ಕಿಯೊಂದು ವರ್ಷವರ್ಷವೂ ಕನ್ನಡದ ನೀರಿಗೆ ಇಳಿಯುತ್ತದೆ. ಇಳಿದಾಗ ಅದರ ಹೆಸರೇನು?

ನಮ್ಮ ವೃತ್ತಪತ್ರಿಕೆಗಳು ಇದನ್ನು 'ಡೆಮಾಯ್ಸೆಲ್ ಕ್ರೇನ್' ಎಂದು ಒಮ್ಮೆ, 'ಡೆಮೊಸಿಲ್' ಎಂದು ಒಮ್ಮೆ ಬರೆಯುತ್ತವೆ. ಅದು ಫ್ರೆಂಚರ ಮಾತು, ತರುಣಿ ಎಂದು ಅರ್ಥ. ಇಂಗ್ಲಿಷಿನ ಮೂಲಕ ನಮಗೆ ಬಂತು. ಆದರೆ ಹಿಂದಿಯಲ್ಲಿ ಇದಕ್ಕೆ 'ಕರ್ಕರಾ' ಎಂಬ ಹೆಸರಿದೆ. ನಮ್ಮ ನೆರೆಯ ಮರಾಠಿಯಲ್ಲಿ 'ಕರಕೋಚಾ'. ಅಮರಕೋಶದ ಪಕ್ಷಿಗಳ ಸಾಲಿನಲ್ಲಿ 'ಕರ್ಕರೇಟು' ಇದೆ. ಅದು ಈ ಹಕ್ಕಿಯೇ ಎಂದು ನಿಘಂಟುಕಾರರು ಗುರುತಿಸಿದ್ದಾರೆ. ಈಗ ಸೋಜಿಗ ನೋಡಿ: ತುರ್ಕಿ ಬಳಗದ ಕಿರ್ಗಿಜ್ ನುಡಿಯಲ್ಲಿ ಇದೇ ಹಕ್ಕಿ 'ಕರ್ಕಿರಾ', ಕಝಾಕ್ ನುಡಿಯಲ್ಲಿ 'ಕರ್ಕರಾ'. ಆ ಎರಡು ದೇಶಗಳ ಗಡಿಯಲ್ಲಿ ಇದೇ ಹೆಸರಿನ ಒಂದು ನದಿ, ಒಂದು ಕಣಿವೆಯೂ ಉಂಟು.

ಇದನ್ನು ಕಂಡ ಅವಸರದ ಶೋಧಕನು ಕೂಡಲೇ ತೀರ್ಪು ಕೊಡಬಹುದು: ಇದೋ ನಮ್ಮ ದೇಶಕ್ಕೆ ಬಂದ ತುರ್ಕಿ ಶಬ್ದ! ಅಥವಾ ಅಭಿಮಾನಿಯಾದರೆ, ಇದೋ ತುರ್ಕರು ಕೊಂಡುಹೋದ ಸಂಸ್ಕೃತ ಶಬ್ದ! ಎರಡೂ ತೀರ್ಪು ದುಡುಕಿನವು. ಆ ಹಕ್ಕಿಯ ಕೂಗನ್ನು ಒಮ್ಮೆ ಕೇಳಿದರೆ ಸಾಕು. ಆಕಾಶದಲ್ಲಿ ಸಾಲುಗಟ್ಟಿ ಹೋಗುವಾಗ ಅದು ಕರ್ರ್ ಕರ್ರ್ ಎಂದೇ ಕೂಗುತ್ತದೆ. ಸಿರ್ದರಿಯಾ ನದಿಯ ಮೇಲೆ ಹಾರಿದರೂ ಹಾಗೆಯೇ, ಘಟಪ್ರಭೆಯ ಮೇಲೆ ಹಾರಿದರೂ ಹಾಗೆಯೇ. ಹೆಸರಿಟ್ಟವನು ಹಕ್ಕಿಯೇ, ಜನ ಅದನ್ನು ಕೇಳಿ ಬರೆದುಕೊಂಡರು. ಕಾಗೆ, ಕಾಕ ಎಂಬ ಜೋಡಿಗೂ ಗೂಬೆ, ಘೂಕ ಎಂಬ ಜೋಡಿಗೂ ಇದೇ ಎಚ್ಚರ ಬೇಕು. ಅರಬರ 'ಹುದ್ಹುದ್', ಲ್ಯಾಟಿನ್ನಿನ 'ಉಪೂಪ', ಇಂಗ್ಲಿಷರ 'ಹೂಪೂ' ಮೂರೂ ಒಂದೇ ಹಕ್ಕಿ, ನಾವು ಪುಸ್ತಕಗಳಲ್ಲಿ ಚಂದ್ರಮುಕುಟ ಎಂದು ಕರೆಯುವ ಜುಟ್ಟಿನ ಹಕ್ಕಿ. ಅಲ್ಲಿಯೂ ಹೆಸರಿಟ್ಟದ್ದು ಅದರ ಕೊರಳು. ಧ್ವನ್ಯನುಕರಣದ ಹೆಸರುಗಳಲ್ಲಿ ಹೋಲಿಕೆ ಎಂಬುದು ಸಾಕ್ಷ್ಯವಲ್ಲ. ಎರವಲಿನ ವಿಚಾರಕ್ಕೆ ಹೊರಡುವ ವಿದ್ಯಾರ್ಥಿಗೆ ಇದು ಮೊದಲ ಪಾಠ.

ಹಾಗಾದರೆ ನಿಜವಾದ ಎರವಲುಗಳು ಯಾವುವು? ಮೊದಲು 'ಬಾತು'. ಈ ಮಾತು ಪಾರಸಿಯ 'ಬತ್', ಅರಬ್ಬಿಯ 'ಬತ್ತ್', ಹಿಂದುಸ್ತಾನಿಯ 'ಬತಕ್' ಇವುಗಳ ನಂಟಿನದೆಂದು ತೋರುತ್ತದೆ. ಪೋರ್ಚುಗೀಸರ 'ಪಾತೊ' ಎಂಬುದೂ ಇದೇ ಹಕ್ಕಿ. ಗೋವೆಯ ನೆರೆಯಲ್ಲಿರುವ ನಾವು ಅದನ್ನೂ ಮರೆಯುವಂತಿಲ್ಲ. ಬಂದ ದಾರಿ ಯಾವುದಾದರೂ ಇರಲಿ, ಬಂದ ಮೇಲೆ ಕನ್ನಡ ಅದನ್ನು ನಡೆಸಿಕೊಂಡ ಬಗೆಯನ್ನು ಗಮನಿಸಬೇಕು. ಪರಿಚಯವಿಲ್ಲದವನಿಗೆ ಮನೆಯವರ ಹೆಸರಿನಿಂದ ಪರಿಚಯ ಹೇಳುವಂತೆ ಮೊದಲು ಅದಕ್ಕೆ ಕೋಳಿಯನ್ನು ಜೊತೆಗೂಡಿಸಿ 'ಬಾತುಕೋಳಿ' ಎಂದಿತು. ಆಮೇಲೆ ಅದನ್ನು ತನ್ನ ಸಮಾಸಕ್ಕೇ ಸೇರಿಸಿಕೊಂಡಿತು: ಹಿರಿದು ಬಾಗಿಲು ಹೆಬ್ಬಾಗಿಲು ಆಗುವಂತೆ, ಹಿರಿದು ಬಾತು 'ಹೆಬ್ಬಾತು' ಆಯಿತು. ಕರ್ಮಧಾರಯಕ್ಕೆ ಒಳಪಟ್ಟ ಶಬ್ದವನ್ನು ಇನ್ನು ಪರಕೀಯವೆಂದು ಕರೆಯಲು ಯಾವ ವ್ಯಾಕರಣಕ್ಕೆ ಧೈರ್ಯವಿದೆ?

ಎರಡನೆಯದು 'ಬುಲ್ಬುಲ್'. ಪಾರಸಿ ಕಾವ್ಯದಲ್ಲಿ ಗುಲಾಬಿಗಾಗಿ ಹಲುಬುವ ಈ ಹಕ್ಕಿ ನಮ್ಮ ಬೇಲಿಯ ಬುಲ್ಬುಲ್ ಅಲ್ಲ. ಅದು ಇಂಗ್ಲಿಷ್ ಕವಿಗಳ ನೈಟಿಂಗೇಲ್. ಆ ಹಕ್ಕಿ ನಮ್ಮಲ್ಲಿಗೆ ಬರಲಿಲ್ಲ, ಅದರ ಕವಿತೆ ಬಂತು. ಕವಿತೆಯೊಡನೆ ಬಂದ ಹೆಸರು ಕೂರಲು ಕೊಂಬೆಯನ್ನು ಹುಡುಕಿ, ಕೆಂಪು ಮೀಸೆಯ ಕರಿಯ ಜುಟ್ಟಿನ ಬೇರೊಂದು ಹಕ್ಕಿಯ ಮೇಲೆ ಕುಳಿತಿತು. ಕನ್ನಡದಲ್ಲಿ ಅದಕ್ಕೆ 'ಪಿಕಳಾರ' ಎಂಬ ಸೊಗಸಾದ ಹೆಸರು ಮೊದಲೇ ಉಂಟು. ಎರಡೂ ಇವೆ, ಎರಡೂ ಇರಲಿ.

ಮೂರನೆಯದು 'ಶಿಕ್ರಾ'. ಇದು ಪಾರಸಿಯ ಶಿಕಾರಿನ ಬಳಗದ ಮಾತು. ಸಾಕಿ ಪಳಗಿಸಿ ಸಣ್ಣ ಹಕ್ಕಿಗಳ ಮೇಲೆ ಬಿಡುತ್ತಿದ್ದ ಪುಟ್ಟ ಗಿಡುಗ ಇದು. ಇಂಗ್ಲಿಷಿನ ಪಕ್ಷಿಶಾಸ್ತ್ರವೂ ಈ ಹೆಸರನ್ನೇ ತೆಗೆದುಕೊಂಡಿದೆ. ಬಾಜ್, ಶಾಹೀನ್ ಎಂಬ ಹೆಸರುಗಳೂ ಬೇಟೆಗಾರನ ಮುಂಗೈಯ ಮೇಲೆ ಕುಳಿತು ಬಂದವೇ.

ನಾಲ್ಕನೆಯದು ಗಡಿನಾಡಿನ ಕಿವಿಗೆ ಪರಿಚಿತವಾದ ಮರಾಠಿಯ 'ಕೋತವಾಲ'. ಕವಲುಬಾಲದ ಈ ಕರಿಯ ಹಕ್ಕಿಯನ್ನು ಕನ್ನಡದ ಬರಹ ಕಾಜಾಣವೆನ್ನುತ್ತದೆ. ತನ್ನ ಗೂಡಿನ ಹತ್ತಿರ ಸುಳಿದ ಕಾಗೆಯನ್ನೂ ಹದ್ದನ್ನೂ ಅದು ಅಟ್ಟಿಸಿಕೊಂಡು ಹೋಗುವುದನ್ನು ಕಂಡವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಶಬ್ದದ ಪಯಣವೂ ವಿನೋದದ್ದು. ಕೋಟೆಯನ್ನು ಕಾಯುವ ಕೋಟ್ಟಪಾಲನು ಪಾರಸಿಯ ದರಬಾರಿಗೆ ಹೋಗಿ ಕೋತವಾಲನಾಗಿ ಹಿಂತಿರುಗಿದನು. ಕೋತವಾಲಿ ಹೋದ ಮೇಲೆ ಹೊಲದ ತಂತಿಯ ಮೇಲೆ ಕುಳಿತು ಇನ್ನೂ ಅಧಿಕಾರ ನಡೆಸುತ್ತಿದ್ದಾನೆ.

ಕೊನೆಯದಾಗಿ, ತುರ್ಕರ ಹೆಸರನ್ನು ಬಹಿರಂಗವಾಗಿ ಹೊತ್ತ ಹಕ್ಕಿ ಒಂದೇ: 'ಟರ್ಕಿ ಕೋಳಿ'. ಅದಕ್ಕೂ ತುರ್ಕರ ನಾಡಿಗೂ ಹುಟ್ಟಿನ ಸಂಬಂಧವೇನೂ ಇಲ್ಲ. ಅದು ಅಮೆರಿಕದ ಹಕ್ಕಿ. ಇಂಗ್ಲಿಷರು ಅದನ್ನು ತುರ್ಕಿಯದೆಂದು ತಿಳಿದರು; ತುರ್ಕರು ಅದನ್ನು ಭಾರತದ್ದೆಂದು ತಿಳಿದು 'ಹಿಂದಿ' ಎಂದರು; ಡಚ್ಚರು ನಮ್ಮ ಕಲ್ಲಿಕೋಟೆಯ ಹೆಸರಿನಿಂದ 'ಕಾಲ್ಕೂನ್' ಎಂದರು; ಪೋರ್ಚುಗೀಸರು 'ಪೆರು' ಎಂದರು. 1612ರಲ್ಲಿ ಗೋವೆಯಿಂದ ಈ ಹಕ್ಕಿಯನ್ನು ತರಿಸಿಕೊಂಡ ಜಹಾಂಗೀರ್ ಬಾದಷಹನು ಬೆರಗಾಗಿ, ತನ್ನ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರವನ್ನು ಬರೆಯಿಸಿದನು. ಹಕ್ಕಿಯ ಹೆಸರು ಅದರ ತೌರನ್ನು ಹೇಳುವುದಿಲ್ಲ. ಅದನ್ನು ತಂದವನ ವಿಷಯದಲ್ಲಿ ಜನ ಏನು ನಂಬಿದ್ದರೆಂಬುದನ್ನು ಹೇಳುತ್ತದೆ.

ಈ ಪಟ್ಟಿಯನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ನಿಯಮ ತಾನಾಗಿ ಹೊಳೆಯುತ್ತದೆ. ಎರವಲು ಹೆಸರು ಬಂದುದು ಮನುಷ್ಯನ ಕೈಯೊಳಗೆ ಇಲ್ಲವೇ ಕಲ್ಪನೆಯೊಳಗೆ ಸಿಕ್ಕ ಹಕ್ಕಿಗಳಿಗೆ. ಅಡುಗೆಮನೆಗೆ ಬಾತು, ಟರ್ಕಿ, ಬೇಟೆಗೆ ಶಿಕ್ರಾ, ಬಾಜ್, ಕಾವ್ಯಕ್ಕೆ ಬುಲ್ಬುಲ್, ಅಧಿಕಾರದ ಹಾಸ್ಯಕ್ಕೆ ಕೋತವಾಲ. ಹೊಲದಲ್ಲಿ, ಹಳ್ಳದ ದಂಡೆಯಲ್ಲಿ, ಮನೆಯ ಮಾಡಿನಲ್ಲಿ ತಮ್ಮ ಪಾಡಿಗೆ ತಾವು ಬದುಕಿದ ಹಕ್ಕಿಗಳಿಗೆ ಪರರ ಹೆಸರು ಅಂಟಲಿಲ್ಲ. ಗುಬ್ಬಿ, ಬೆಳವ, ಗೀಜಗ, ಮಿಂಚುಳ್ಳಿ, ಮರಕುಟಿಗ, ಗೊರವಂಕ, ಕೆಂಬೂತ, ಹಾಲಕ್ಕಿ, ಗೌಜಲಹಕ್ಕಿ: ಇವುಗಳನ್ನು ಯಾವ ದಂಡಯಾತ್ರೆಯೂ ಅಲುಗಿಸಲಿಲ್ಲ. ಗಿಳಿಯು ಪಂಜರದ ಹಕ್ಕಿಯಾಗಿದ್ದರೂ ಪಾರಸಿಯ ತೂತಿಯೂ ಹಿಂದಿಯ ತೋತಾವೂ ಕನ್ನಡದಲ್ಲಿ ನೆಲೆಗೊಳ್ಳಲಿಲ್ಲ. ನಮ್ಮ ಕಡೆಯ ಗಿಣಿ ಮೊದಲೇ ಪಂಜರವನ್ನು ತುಂಬಿತ್ತು.

ತುರ್ಕಿ ಶಬ್ದಗಳ ವಿಷಯದಲ್ಲಿ ಈ ನಿಯಮ ಇನ್ನೂ ಸ್ಪಷ್ಟವಾಗುತ್ತದೆ. ಬಿಜಾಪುರದ ಆದಿಲಶಾಹಿಯ ಮೂಲಪುರುಷ ಯೂಸುಫನು ತುರ್ಕರ ನಾಡಿನಿಂದ ಬಂದವನೆಂದು ಫೆರಿಷ್ತಾ ಬರೆದಿದ್ದಾನೆ; ಆ ಮಾತು ವಿವಾದಾಸ್ಪದವಾದರೂ, ದಖ್ಖನ್ನಿನ ದಂಡಿನಲ್ಲಿಯೂ ದರಬಾರಿನಲ್ಲಿಯೂ ತುರ್ಕಿ ಶಬ್ದಗಳು ಪಾರಸಿಯ ಉಡುಪಿನಲ್ಲಿ ಓಡಾಡಿದ್ದು ನಿಜ. ನಮ್ಮ ತೋಪು, ತುಪಾಕಿ, ಬೇಗಮ್, ಖಜಾಂಚಿಯ ಕೊನೆಯ 'ಚಿ', ಇವೆಲ್ಲ ಆ ಮೂಲದವು. 'ಬಹದ್ದೂರ'ನು ಹುಲ್ಲುಗಾವಲಿನ ಕುದುರೆ ಸವಾರರಿಂದ ಬಂದವನೇ. ಇಂದಿಗೂ ಕಲ್ಮಿಕರಲ್ಲಿ ವೀರನಿಗೆ 'ಬಾತ್ರ್' ಎಂದು ಹೆಸರು. ಕಲ್ಮಿಕ ಭಾಷೆಗೂ ನಮ್ಮ ಊರಿನ ಮಾತಿಗೂ ನಡುವೆ ಹೀಗೆ ಒಂದು ಎಳೆ ಉಂಟೆಂದು ಯಾರು ಎಣಿಸಿದ್ದರು! ಆದರೆ ಹಕ್ಕಿಹೆಸರು? ಉರ್ದುವಿನ 'ಕಾಜ್', ಎಂದರೆ ಹೆಬ್ಬಾತು, ತುರ್ಕಿಯ 'ಕಾಝ್'. ಹಿಂದುಸ್ತಾನಿ ಬೇಟೆಗಾರರ 'ತುರುಮ್ತಿ', ಎಂದರೆ ಕೆಂದಲೆಯ ಒಂದು ಚಿಕ್ಕ ಡೇಗೆ, ತುರ್ಕಿಯ 'ತುರುಮ್ತಾಯ್'. ಇವೆರಡೂ ಉರ್ದುವಿನ ಹೊಸ್ತಿಲವರೆಗೆ ಬಂದು ನಿಂತವು. ಕನ್ನಡದ ಪಡಸಾಲೆಗೆ ಬರಲಿಲ್ಲ. ಕಾಜಾಣದಲ್ಲಿ ಕಾಜ್ ಅಡಗಿದೆಯೆಂದು ಯಾರೂ ಭ್ರಮಿಸದಿರಲಿ. ಅಲ್ಲಿರುವುದು ಅಕ್ಷರಗಳ ಹೋಲಿಕೆ ಮಾತ್ರ.

ತುರುಮ್ತಿ ಏಕೆ ಬರಲಿಲ್ಲ? ನಮ್ಮಲ್ಲಿ ಆ ಸ್ಥಾನ ಖಾಲಿ ಇರಲಿಲ್ಲ. 1129ರ ಸುಮಾರಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಮಾನಸೋಲ್ಲಾಸದಲ್ಲಿ ಗಿಡುಗಗಳನ್ನು ಪಳಗಿಸಿ ಆಡುವ ಶ್ಯೇನವಿನೋದಕ್ಕೆ ಪ್ರತ್ಯೇಕ ಸ್ಥಾನವಿದೆ. ಕನ್ನಡದಲ್ಲಿ ಗಿಡುಗ, ಡೇಗೆ, ಸಾಳುವ ಎಂಬ ಹೆಸರುಗಳಿದ್ದವು. 15ನೆಯ ಶತಮಾನದ ಉತ್ತರಾರ್ಧದಲ್ಲಿ ವಿಜಯನಗರದ ಸಿಂಹಾಸನವನ್ನೇರಿದ ಸಾಳುವ ನರಸಿಂಹನ ಮನೆತನದ ಹೆಸರು ಬೇಟೆಯ ಗಿಡುಗವಾದ ಆ ಸಾಳುವವೇ. ತನ್ನ ದೊರೆಗೆ ಗಿಡುಗದ ಹೆಸರನ್ನು ಇಟ್ಟುಕೊಂಡ ನುಡಿಗೆ ಗಿಡುಗದ ಹೆಸರನ್ನು ಸಾಲ ತರುವ ಅಗತ್ಯ ಅಷ್ಟಾಗಿ ಬೀಳಲಿಲ್ಲ. ಎರವಲು ಬಂದುದು ಬಡತನದ ಗುರುತೂ ಅಲ್ಲ, ಬಾರದಿದ್ದುದು ಹೆಮ್ಮೆಯ ಗುರುತೂ ಅಲ್ಲ. ಎರಡೂ ಆಯಾ ಕಾಲದ ಬಾಳುವೆಯ ಗುರುತು.

ಎರವಲೆಂದೊಡನೆ ಪಾರಸಿ ಇಂಗ್ಲಿಷುಗಳನ್ನು ಮಾತ್ರ ನೆನೆಯುವುದು ಅನ್ಯಾಯ. ಸಂಸ್ಕೃತದಿಂದ ಬಂದವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪಾರಾವತ ಪಾರಿವಾಳವಾಯಿತು, ಚಕ್ರವಾಕ ಜಕ್ಕವಕ್ಕಿಯಾಯಿತು, ಹಂಸ ಹಳಗನ್ನಡದಲ್ಲಿ ಅಂಚೆಯಾಯಿತು, ವಾಲ್ಮೀಕಿಯ ಶೋಕಕ್ಕೆ ಕಾರಣವಾದ ಕ್ರೌಂಚ ಕೊಂಚೆಯಾಯಿತು. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಎರವಲನ್ನು ಗುರುತಿಸುವುದು ಬೇರೆ, ಹೊರಗೆ ಅಟ್ಟುವುದು ಬೇರೆ ಎಂಬ ವಿವೇಕ ನಮ್ಮ ಪ್ರಾಚೀನ ವೈಯಾಕರಣನಿಗೆ ಇತ್ತು.

ಕೊಂಡದ್ದಷ್ಟೇ ಅಲ್ಲ, ನಾವು ಕೊಟ್ಟದ್ದೂ ಉಂಟು. ಸಂಸ್ಕೃತದ ಮಯೂರವು ದ್ರಾವಿಡದ ಮಯಿಲ್ ಎಂಬುದರಿಂದ ಬಂದುದೆಂದು ಅನೇಕ ವಿದ್ವಾಂಸರ ಮತ. ನಮ್ಮ ನವಿಲು ಆ ಮಯಿಲಿನ ತಂಗಿ. ಇನ್ನೊಂದು ಸರಪಳಿ ಇದಕ್ಕಿಂತ ಉದ್ದವಾದುದು. ತಮಿಳಿನಲ್ಲಿ ನವಿಲಿನ ಗರಿಗೆ ತೋಗೈ, ಕನ್ನಡದಲ್ಲಿ ಸೋಗೆ. ಹೀಬ್ರೂ ಬೈಬಲಿನಲ್ಲಿ ಸೊಲೊಮನ್ ಅರಸನ ಹಡಗುಗಳು ತಂದ ಹಕ್ಕಿಯ ಹೆಸರು ಈ ತೋಗೈಯೇ ಎಂಬ ಮಾತು, 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಕಾಲ್ಡ್‌ವೆಲ್ಲರ ಕಾಲದಿಂದ ನಡೆದುಬಂದಿದೆ. ಗ್ರೀಕರ 'ತಾಓಸ್' ಕೂಡ ಅದೇ ಮೂಲದ್ದೆಂದು ಕೆಲವರ ಊಹೆ. ಗ್ರೀಕಿನಿಂದ ಅರಬ್ಬಿ ಪಾರಸಿಗಳಿಗೆ 'ತಾವೂಸ್' ಆಗಿ ಹೋಯಿತು. ಅಲ್ಲಿಂದ ಮಧ್ಯ ಏಷ್ಯದ ದಾರಿ ಹಿಡಿದು, ಕಲ್ಮಿಕಿನ ಸೋದರ ನುಡಿಯಾದ ಮಂಗೋಲಿಯನ್ನಿನಲ್ಲಿ 'ತೊಗೊಸ್' ಆಯಿತು. ಆ ಮೊದಲ ಊಹೆ ನಿಜವಾದರೆ, ನವಿಲನ್ನೇ ಕಾಣದ ಹುಲ್ಲುಗಾವಲಿನ ಕುರಿಗಾಹಿಯ ಬಾಯಲ್ಲಿ ನಮ್ಮ ಸೋಗೆಯ ಒಂದು ಗರಿ ಇದೆ. ಅದೇ ಮಧ್ಯ ಏಷ್ಯದಿಂದ ಬಂದ ಬಾಬರನು ತನ್ನ ತುರ್ಕಿ ನುಡಿಯ ಆತ್ಮಕಥೆಯಲ್ಲಿ ಹಿಂದುಸ್ತಾನದ ನವಿಲು, ಗಿಳಿ, ಶಾರಿಕೆಗಳನ್ನು ಆಸ್ಥೆಯಿಂದ ಬಣ್ಣಿಸಿದನು. ಜಯಿಸಲು ಬಂದವನೂ ಹಕ್ಕಿಯ ಮುಂದೆ ವಿದ್ಯಾರ್ಥಿಯಾದನು.

ಇಷ್ಟು ಹೇಳಿದುದು ಪಾಂಡಿತ್ಯದ ವಿನೋದಕ್ಕಾಗಿ ಅಲ್ಲ. ಈಗ ನಮ್ಮ ಮುಂದೆ ಒಂದು ಪ್ರಶ್ನೆ ಇದೆ. ಕನ್ನಡದಲ್ಲಿ ಪಕ್ಷಿಗಳ ಬಗೆಗೆ ಬರೆಯುವವರ ಸಂಖ್ಯೆ ಸಂತೋಷಪಡುವಷ್ಟು ಬೆಳೆದಿದೆ. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು 'ಕನ್ನಡ ನಾಡಿನ ಹಕ್ಕಿಗಳು' ಬರೆದು ದಾರಿ ಮಾಡಿಕೊಟ್ಟರು. ಆದರೆ ಹೆಸರಿನ ವಿಷಯದಲ್ಲಿ ಎರಡು ಪಕ್ಷಗಳು ಕಾಣುತ್ತಿವೆ. ಒಂದು ಪಕ್ಷ ಇಂಗ್ಲಿಷಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದು ಕೈ ತೊಳೆದುಕೊಳ್ಳುತ್ತದೆ. ಇನ್ನೊಂದು ಪಕ್ಷ ಬುಲ್ಬುಲನ್ನೂ ಶಿಕ್ರಾವನ್ನೂ ಹೊರಗೆ ಹಾಕಿ, ನಿಘಂಟಿನ ಮುಂದೆ ಕುಳಿತು ಹೊಸ ಸಮಾಸಗಳನ್ನು ಹೆಣೆಯುತ್ತದೆ. ಇಬ್ಬರೂ ಒಬ್ಬನನ್ನು ಕೇಳುವುದನ್ನು ಮರೆತಿದ್ದಾರೆ: ಆ ಹಕ್ಕಿಯ ನೆರೆಯಲ್ಲಿ ಬಾಳಿದ ಮನುಷ್ಯನನ್ನು.

ನಾನು ನನ್ನ ತರಗತಿಯಲ್ಲಿ ಒಮ್ಮೆ ತದ್ಭವಗಳ ಪಾಠ ಮಾಡುವಾಗ, ತಮಗೆ ಗೊತ್ತಿರುವ ಹಕ್ಕಿಗಳ ಹೆಸರು ಬರೆಯಿರೆಂದು ಹೇಳಿದೆ. ಬಹುಮಂದಿ ರೈತರ ಮಕ್ಕಳೇ. ಕಾಗೆ, ಗುಬ್ಬಿ, ಗಿಣಿ, ನವಿಲು, ಪಾರಿವಾಳ, ಕೋಗಿಲೆ. ಅಲ್ಲಿಗೆ ಲೇಖನಿಗಳು ನಿಂತವು. ಹಿಂದಿನ ಸಾಲಿನಲ್ಲಿ ಕುಳಿತ ಕುರಿಗಾಹಿ ಮನೆತನದ ಹುಡುಗನೊಬ್ಬ ಮಾತ್ರ ಬರೆಯುತ್ತಲೇ ಇದ್ದ. ಅವನ ಹಾಳೆಯಲ್ಲಿ ನನಗೆ ಗೊತ್ತಿಲ್ಲದ ಹೆಸರುಗಳೂ ಇದ್ದವು. 'ಯಾರು ಕಲಿಸಿದರಪ್ಪಾ?' ಎಂದು ಕೇಳಿದರೆ, 'ನಮ್ಮ ಮುತ್ಯಾ ಕಲಿಸ್ಯಾನ್ರಿ ಸರ್, ಅಡವ್ಯಾಗ' ಎಂದ. ಆ ಮುತ್ಯಾನ ವಿದ್ಯೆ ಯಾವ ಪುಸ್ತಕದಲ್ಲಿಯೂ ಇಲ್ಲ. ಹುಡುಗ ನಗರಕ್ಕೆ ನೌಕರಿಗೆ ಹೋದ ದಿನ ಅದು ಅಲ್ಲಿಗೇ ನಿಲ್ಲುತ್ತದೆ.

ಕುರಿಗಾಹಿಗಳಷ್ಟೇ ಅಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಹರಣಶಿಕಾರಿಗಳೆಂಬ ಜನ ಇದ್ದಾರೆ. ಮನೆಯಲ್ಲಿ ಗುಜರಾತಿಗೆ ಹತ್ತಿರವಾದ ವಾಗ್ರಿ ನುಡಿಯನ್ನು ಆಡುತ್ತಾರೆ, ಸಂತೆಯಲ್ಲಿ ಕನ್ನಡವನ್ನು ಆಡುತ್ತಾರೆ. ಅವರ ಹೆಸರಿನಲ್ಲಿರುವ 'ಶಿಕಾರಿ'ಯೂ ಶಿಕ್ರಾದ ಬಳಗದ್ದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಲ್ಲಿಸಿತು, ನಿಲ್ಲಿಸಿದ್ದು ಸರಿಯೇ. ಆದರೆ ಬೇಟೆಯೊಡನೆ ಬೇಟೆಗಾರನ ಪಕ್ಷಿಜ್ಞಾನವೂ ನಿಲ್ಲಬೇಕೆಂದು ಯಾವ ಕಾಯಿದೆಯೂ ಹೇಳಲಿಲ್ಲ. ಬುಡಬುಡಿಕೆಯವರ ಹಾಲಕ್ಕಿಯ ಶಕುನವನ್ನು ನಾವು ನಂಬಬೇಕಾಗಿಲ್ಲ; ಅವರು ಆ ಹಕ್ಕಿಯನ್ನು ಎಷ್ಟು ಬಗೆಯ ಕೂಗಿನಿಂದ ಗುರುತಿಸುತ್ತಾರೆಂಬುದನ್ನು ಬರೆದುಕೊಳ್ಳಬೇಕಾಗಿದೆ.

ಹೀಗೆ ನಿಲ್ಲುವುದರ ಕಷ್ಟವೇನೆಂಬುದನ್ನು ಮೇಲೆ ಹೇಳಿದ ಕಲ್ಮಿಕರಿಂದಲೇ ಕಲಿಯಬಹುದು. 1943ರ ಡಿಸೆಂಬರಿನಲ್ಲಿ ಸೋವಿಯತ್ ಸರಕಾರ ಆ ಇಡೀ ಜನಾಂಗವನ್ನು ಗೂಡ್ಸುಗಾಡಿಗಳಲ್ಲಿ ತುಂಬಿ ಸೈಬೀರಿಯಕ್ಕೆ ಸಾಗಿಸಿತು. ಅಸಂಖ್ಯ ಜನ ದಾರಿಯಲ್ಲಿಯೂ ಚಳಿಯಲ್ಲಿಯೂ ಸತ್ತರು. ಬದುಕಿದವರಿಗೆ ತಾಯ್ನಾಡಿಗೆ ಮರಳಲು ಅವಕಾಶ ದೊರೆತದ್ದು 1957ರ ಸುಮಾರಿಗೆ. ಅಷ್ಟರಲ್ಲಿ ಒಂದು ತಲೆಮಾರು ಬೇರೆ ಆಕಾಶದ ಕೆಳಗೆ, ಬೇರೆ ನುಡಿಯ ಶಾಲೆಯಲ್ಲಿ ಬೆಳೆದಿತ್ತು. ಇಂದು ಕಲ್ಮಿಕ್ ಭಾಷೆಯನ್ನು ಯುನೆಸ್ಕೊ ಅಳಿವಿನ ಅಪಾಯದಲ್ಲಿರುವ ನುಡಿಗಳ ಪಟ್ಟಿಯಲ್ಲಿ ಸೇರಿಸಿದೆ. ಅವರ ಹಕ್ಕಿಹೆಸರುಗಳಲ್ಲಿ ತುರ್ಕಿ ಎಷ್ಟು ಎಂದು ಎಣಿಸುವವರು, ಎಣಿಸಲು ಆ ಹೆಸರುಗಳೇ ಉಳಿಯುವವೋ ಇಲ್ಲವೋ ಎಂಬ ಆತಂಕದಲ್ಲಿಯೇ ಎಣಿಸಬೇಕು. ನಮ್ಮನ್ನು ಯಾರೂ ಗಾಡಿಗೆ ತುಂಬಿಲ್ಲ. ನಾವು ನಮ್ಮ ಹೆಸರುಗಳನ್ನು ಕುಳಿತಲ್ಲಿಯೇ ಕಳೆದುಕೊಳ್ಳುತ್ತಿದ್ದೇವೆ. ಅದು ದೌರ್ಭಾಗ್ಯವಲ್ಲ, ಉದಾಸೀನ.

ಆದುದರಿಂದ ನನ್ನ ಅಭಿಪ್ರಾಯವನ್ನು ಮೂರು ಮಾತಿನಲ್ಲಿ ಹೇಳುತ್ತೇನೆ. ಮೊದಲನೆಯದು, ಬಳಕೆಯಲ್ಲಿ ಬೇರೂರಿದ ಎರವಲು ಹೆಸರನ್ನು ಮುಟ್ಟಬಾರದು. ಹೆಬ್ಬಾತು ಕನ್ನಡ, ಅದನ್ನು ಶುದ್ಧಿ ಮಾಡಹೊರಟರೆ ಅಶುದ್ಧವಾಗುವುದು ನಮ್ಮ ನಾಲಿಗೆ. ಎರಡನೆಯದು, ಹೊಸ ಹೆಸರನ್ನು ಕಟ್ಟುವ ಮುನ್ನ ಇರುವ ಹೆಸರನ್ನು ಕೇಳಬೇಕು. ಧೂಪದಾಳದ ಹಿನ್ನೀರಿನ ಅತಿಥಿಗೆ ಫ್ರೆಂಚ್ ತರುಣಿಯ ಪಟ್ಟವೇ ಬೇಕಾಗಿಲ್ಲ. ಕರ್ಕರ ಎಂದು ಕರೆದರೆ ಅಮರಸಿಂಹನೂ ಕಝಾಕ್ ಕುರಿಗಾಹಿಯೂ ಏಕಕಾಲಕ್ಕೆ ತಲೆಯಾಡಿಸುತ್ತಾರೆ. ಇಷ್ಟು ಹತ್ತಿರದಲ್ಲಿ ಇಂಥ ಹೆಸರಿರುವಾಗ ದೂರದ ಪುಕ್ಕಕ್ಕೆ ಆಸೆಪಟ್ಟರೆ, ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿದ ಗಾದೆಗೆ ನಾವೇ ಉದಾಹರಣೆಯಾದೇವು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು, ಅದು ನಮ್ಮಂಥ ಅಧ್ಯಾಪಕರ ಕೆಲಸ. ಕಿಟ್ಟೆಲರು 1894ರಲ್ಲಿ ಮಂಗಳೂರಿನಲ್ಲಿ ತಮ್ಮ ನಿಘಂಟನ್ನು ಅಚ್ಚು ಹಾಕಿಸಿದರು. ಜರ್ಡನ್ ಎಂಬ ವೈದ್ಯನು 1862ರಿಂದ 1864ರವರೆಗೆ ಪ್ರಕಟಿಸಿದ ಭಾರತದ ಪಕ್ಷಿಗಳ ಗ್ರಂಥದಲ್ಲಿ ದೇಶಭಾಷೆಗಳ ಹೆಸರುಗಳನ್ನು ಆದರದಿಂದ ಬರೆದುಕೊಂಡನು. ಪರದೇಶದವರು ಅಷ್ಟು ಮಾಡಿದ ಮೇಲೆ, ಒಂದೊಂದು ಕಾಲೇಜಿನ ಕನ್ನಡ ವಿಭಾಗ ತನ್ನ ಸುತ್ತಲಿನ ಹತ್ತು ಹಳ್ಳಿಗಳ ಹಕ್ಕಿಹೆಸರುಗಳನ್ನು ಬರೆದಿಡುವುದು ಅಸಾಧ್ಯವೇ? ಗೋಕಾಕ, ಮೂಡಲಗಿ, ಹುಕ್ಕೇರಿಗಳ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ರಜೆಯಲ್ಲಿ ಮನೆಯ ಹಿರಿಯರನ್ನು ಕೇಳಲಿ. ಹೆಸರು, ಹಕ್ಕಿಯ ಬಣ್ಣ, ಕೂಗು, ಕಾಣುವ ಕಾಲ, ಹೇಳಿದವರ ಕಸುಬು: ಇಷ್ಟನ್ನು ಬರೆದುಕೊಂಡರೆ ಸಾಕು. ಯಾವುದು ಅಚ್ಚ ಕನ್ನಡ, ಯಾವುದು ತದ್ಭವ, ಯಾವುದು ಪಾರಸಿ, ಯಾವುದು ಮರಾಠಿ ಎಂಬ ವಿಂಗಡಣೆ ಆಮೇಲೆ ಆಗಲಿ. ವಿಂಗಡಿಸಲು ತಡವಾದರೆ ನಷ್ಟವಿಲ್ಲ. ಕೂಡಿಡಲು ತಡವಾದರೆ ನಷ್ಟವನ್ನು ತುಂಬುವವರಿಲ್ಲ.

ಮಂಗೋಲಿಯಾದಲ್ಲಿ ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಾಣಿಸಿಕೊಂಡಿವೆ. ಆ ಪಟ್ಟಿಯ ಮೇಲಿನ ಅಂಕಿ ಹಕ್ಕಿ ಎಲ್ಲಿಂದ ಬಂತೆಂಬುದನ್ನು ಹೇಳುತ್ತದೆ. ಹೆಸರೂ ಅಂಥದೇ ಒಂದು ಪಟ್ಟಿ. ಅದನ್ನು ಹಕ್ಕಿಗೆ ತೊಡಿಸಿದವರು ನಮ್ಮ ಹಿರಿಯರು. ಆ ಪಟ್ಟಿಯ ಬರಹ ಅಳಿಸಿಹೋದರೆ ಹಕ್ಕಿಗೇನೂ ಕೊರತೆಯಿಲ್ಲ. ಅದು ಮುಂದಿನ ಚಳಿಗಾಲಕ್ಕೂ ಬರುತ್ತದೆ. ಅದನ್ನು ಕರೆಯಲು ಬಾರದೆ ನಿಲ್ಲುವವರು ನಾವು.